ಕಾರು ಅರ್ಧ ಓಡಿಸುತ್ತೆ, ತಪ್ಪು ಪೂರ್ತಿ ನಮ್ಮ ತಲೆಗೆ

ಬೆಳಗ್ಗೆ ಎದ್ದು ಫೋನ್ ನೋಡಿದರೆ ಮನೆಯವರ ವಾಟ್ಸಾಪ್ ಗ್ರೂಪ್‌ನಲ್ಲಿ ಒಂದು ವಿಡಿಯೋ. ನಮ್ಮ ಚಿಕ್ಕಮ್ಮನ ಮಗ ಹೊಸ ಕಾರು ತಗೊಂಡಿದ್ದಾನೆ. ಮದ್ದೂರು ದಾಟಿ ಮೈಸೂರು ಕಡೆ ಹೋಗುತ್ತಾ, ಹೈವೇ ಮಧ್ಯದಲ್ಲಿ ಎರಡೂ ಕೈ ಸ್ಟೀರಿಂಗ್‌ನಿಂದ ತೆಗೆದು, ತೊಡೆ ಮೇಲಿನ ಡಬ್ಬಿಯಿಂದ ಕೋಡುಬಳೆ ತಿನ್ನುತ್ತಿದ್ದಾನೆ. ಸ್ಪೀಡೋಮೀಟರ್ 96 ತೋರಿಸುತ್ತಿದೆ. ಹಿಂದಿನ ಸೀಟಿನಲ್ಲಿ ಅವನ ಮಗಳು "ನೋಡಿ, ಅಪ್ಪ ಕೈ ಬಿಟ್ಟಿದ್ದಾರೆ" ಅಂತ ಕುಣಿಯುತ್ತಿದ್ದಾಳೆ. ಕೆಳಗೆ ಸಾಲು ಸಾಲು ಚಪ್ಪಾಳೆ. ದೊಡ್ಡಪ್ಪ "ಭೇಷ್" ಅಂತ ಬರೆದಿದ್ದಾರೆ.

ನನಗೆ ಮೈ ಉರಿದುಹೋಯಿತು. ತಕ್ಷಣ ಫೋನ್ ಮಾಡಿ ಬೈದೆ. "ಅಕ್ಕಾ, ನೀನೇ ಅಲ್ಲಿ ಡ್ರೈವರ್ ಇಲ್ಲದ ಕಾರಲ್ಲಿ ದೊಡ್ಡಮ್ಮನ್ನ ಕೂರಿಸಿಕೊಂಡು ಹೋಗಿ ಫೋಟೋ ಹಾಕಿದ್ದೆಯಲ್ಲ. ಅದು ಸರಿ, ಇದು ತಪ್ಪಾ?" ಅಂದ. ಹೌದು ಕಣೋ, ಅದು ಸರಿ, ಇದು ತಪ್ಪು. ಫೋನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವನ ಥರ ಯೋಚಿಸುವವರು ನನ್ನ ಫ್ರೆಂಡ್ಸ್ ಲಿಸ್ಟ್‌ನಲ್ಲೇ ಎಷ್ಟೋ ಜನ ಇದ್ದಾರೆ, ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲೂ, ಊರಲ್ಲೂ.

ಮೊದಲು ಅಮ್ಮನ ವಿಷಯ. ಅಮ್ಮನಿಗೆ ಮಂಡಿನೋವು, ಡ್ರೈವಿಂಗ್ ಬರೋದಿಲ್ಲ. ಇಲ್ಲಿ ಕಾರಿಲ್ಲದೆ ಒಂದು ಕಟ್ಟು ಕೊತ್ತಂಬರಿ ತರೋಕೂ ಆಗಲ್ಲ, ಬಂದವರಿಗೆಲ್ಲ ಗೊತ್ತು. ಬೆಳಗ್ಗೆಯಿಂದ ಸಂಜೆವರೆಗೂ ಮನೆಯೊಳಗೇ. ಒಂದು ಸಂಜೆ ವೇಮೋ (ಗೂಗಲ್ ಬಳಗದ, ಡ್ರೈವರ್ ಇಲ್ಲದ ಟ್ಯಾಕ್ಸಿ) ಕರೆಸಿ ಅಮ್ಮನ್ನ ಎಲ್ ಕಮಿನೋ ರಸ್ತೆಯ ಇಂಡಿಯನ್ ಅಂಗಡಿಗೆ ಕರೆದುಕೊಂಡು ಹೋದೆ. ಮುಂದಿನ ಸೀಟು ಖಾಲಿ, ಸ್ಟೀರಿಂಗ್ ತಾನೇ ತಿರುಗುತ್ತಿದೆ. ಅಮ್ಮ ಮೊದಲು ಸೀರೆ ಸೆರಗು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು. ಆಮೇಲೆ ಎದುರಿನ ಸ್ಕ್ರೀನ್ ನೋಡೋಕೆ ಶುರು ಮಾಡಿದರು. ರಸ್ತೆ ಪಕ್ಕ ನಿಂತಿದ್ದ ವ್ಯಾನ್ ಮರೆಯಿಂದ ಒಬ್ಬ ನಡೆದು ಬರುತ್ತಿದ್ದ. ನಮಗಿಬ್ಬರಿಗೂ ಅವನು ಕಾಣಿಸೋ ಮೊದಲೇ ಸ್ಕ್ರೀನ್ ಮೇಲೆ ಅವನ ಚಿತ್ರ ಮೂಡಿತು, ಕಾರು ಮೆಲ್ಲಗೆ ನಿಂತಿತು. "ಇದಕ್ಕೆ ಕಣ್ಣು ಚೆನ್ನಾಗಿದೆ ಕಣೆ" ಅಂದರು ಅಮ್ಮ. ಮಾಡಿನ ಮೇಲಿರುವ, ಲೇಸರ್ ಬೆಳಕಿನಿಂದ ಸುತ್ತಲಿನದನ್ನು ಅಳೆಯುವ ಲೈಡಾರ್, ಸುತ್ತಲಿನ ರೇಡಾರ್, ಕ್ಯಾಮೆರಾಗಳು ಎಲ್ಲ ಸೇರಿ ಮಾಡುವ ಕೆಲಸ ಅದು.

ನನಗೆ ಆ ಕಾರು ಇಷ್ಟ. ಮನಸಾರೆ ಇಷ್ಟ. 2015ರ ಅಕ್ಟೋಬರ್‌ನಲ್ಲಿ ಗೂಗಲ್‌ನವರು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಸ್ಟೀರಿಂಗೂ ಪೆಡಲೂ ಇಲ್ಲದ ಪುಟ್ಟ ಕಾರೊಂದನ್ನು ಸಾರ್ವಜನಿಕ ರಸ್ತೆಗೆ ಇಳಿಸಿದರು. ಅದರಲ್ಲಿ ಒಬ್ಬರೇ ಕೂತು ಹೋದವರು ಕಣ್ಣು ಕಾಣದವರು. ಆ ಸುದ್ದಿ ಓದಿದಾಗಿನಿಂದ ನಾನು ಇದರ ಪಕ್ಷ. ಇನ್ನೂ ಒಂದು ಕಾರಣ ಇದೆ, ಇಲ್ಲಿ ಯಾವತ್ತೂ ಬರೆದಿಲ್ಲ. ನಮ್ಮ ಸೋದರಮಾವ ಹೋಗಿದ್ದು ಹಿರಿಯೂರು ಹತ್ತಿರ, ರಾತ್ರಿ, ನಿದ್ದೆಗಣ್ಣಲ್ಲಿದ್ದ ಲಾರಿ ಡ್ರೈವರ್‌ನಿಂದ. ಯಂತ್ರಕ್ಕೆ ನಿದ್ದೆ ಬರೋದಿಲ್ಲ. ಈ ಒಂದು ಮಾತು ಸಾಕು ನನಗೆ.

ಹಾಗಾದರೆ ತಮ್ಮನ ಮೇಲೆ ಯಾಕೆ ಸಿಟ್ಟು? ಅವನ ಕಾರಲ್ಲಿ ಇರೋದು ಎಡಿಎಎಸ್, ಅಂದರೆ ಡ್ರೈವರ್‌ಗೆ ನೆರವಾಗುವ ವ್ಯವಸ್ಥೆ, ಅದೂ ಲೆವೆಲ್ 2. ಕಾರು ಎಷ್ಟರಮಟ್ಟಿಗೆ ತಾನೇ ಓಡಿಸುತ್ತೆ ಅನ್ನೋದಕ್ಕೆ ಸೊನ್ನೆಯಿಂದ 5ರವರೆಗೆ ಲೆಕ್ಕ ಇದೆ. ವೇಮೋ 4. ಅದು ಓಡಾಡುವ ಊರೊಳಗೆ ಓಡಿಸುವ ಕೆಲಸ ಪೂರ್ತಿ ಅದರದ್ದೇ. ಲೆವೆಲ್ 2ರಲ್ಲಿ ಕಾರು ಲೇನ್ ಹಿಡಿದು ಹೋಗುತ್ತೆ, ಮುಂದಿನ ಗಾಡಿ ನೋಡಿ ವೇಗ ಹೊಂದಿಸುತ್ತೆ, ಆದರೆ ಡ್ರೈವರ್ ನೀವೇ. ಪ್ರತಿ ಕ್ಷಣ ರಸ್ತೆ ನೋಡುತ್ತಿರಬೇಕು, ಅದು ಯಾವಾಗ ಕೈಕೊಟ್ಟರೂ ಹಿಡಿದುಕೊಳ್ಳಬೇಕು. ಬಿಳಿ ಗೆರೆ ಅಳಿಸಿಹೋಗಿದ್ದರೆ, ಕ್ಯಾಮೆರಾಗೆ ಕೆಸರು ಮೆತ್ತಿದ್ದರೆ ಅದಕ್ಕೆ ದಿಕ್ಕು ತೋಚೋದಿಲ್ಲ. ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯನ್ನು ಗುರುತಿಸೋಕೆ ಇಂಥ ವ್ಯವಸ್ಥೆಗಳು ಕಷ್ಟಪಡುತ್ತವೆ ಅಂತ ಕಂಪನಿಗಳ ಕೈಪಿಡಿಯಲ್ಲೇ ಬರೆದಿರುತ್ತೆ. ಹಿಂದೆ ದೀಪವೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಮಂಡ್ಯದ ಕಡೆ ಎಷ್ಟು ಓಡಾಡುತ್ತವೆ ಅಂತ ನಾನು ಹೇಳಬೇಕಾ?

ಅಂದರೆ ಓಡಿಸೋದು ಯಂತ್ರ, ಕಾಯೋದು ಮನುಷ್ಯ. ನನ್ನ ತಕರಾರು ಇದೊಂದೇ. ಮನುಷ್ಯನಿಗೆ ಸುಮ್ನೆ ಕೂತು ಕಾಯೋಕೆ ಬರೋದಿಲ್ಲ.

ಇದು ಹೊಸ ವಿಷಯ ಅಲ್ಲ. ರೇಡಾರ್ ನೋಡುವವರು ಯಾಕೆ ಗುರಿ ತಪ್ಪಿಸುತ್ತಾರೆ ಅಂತ ಬ್ರಿಟನ್‌ನಲ್ಲಿ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷೆ ಮಾಡಿ 1948ರಲ್ಲಿ ಬರೆದರು. ಗಡಿಯಾರದ ಮುಳ್ಳು ಒಂದೇ ಸಮ ಚಲಿಸುತ್ತಿರುತ್ತೆ, ಅಪರೂಪಕ್ಕೆ ಒಮ್ಮೆ ಎರಡರಷ್ಟು ಜಿಗಿಯುತ್ತೆ, ಅದನ್ನು ಗಮನಿಸಿ ಹೇಳಬೇಕು. ಅರ್ಧ ಗಂಟೆ ಆಗೋದರೊಳಗೆ ಜನ ತಪ್ಪಿಸೋಕೆ ಶುರು ಮಾಡಿದರು. ಸೋಮಾರಿಗಳಲ್ಲ ಅವರು. ನಮ್ಮ ತಲೆ ಇರೋದೇ ಹಾಗೆ.

ಕಾರಿನ ವಿಷಯದಲ್ಲೂ ಇದು ಕಣ್ಣಾರೆ ಕಂಡ ಸಂಗತಿ. 2013ರ ಸುಮಾರಿಗೆ ಗೂಗಲ್‌ನವರು ಇಂಥದ್ದೇ ಅರ್ಧ ಓಡಿಸುವ ಕಾರನ್ನು ತಮ್ಮ ನೌಕರರಿಗೆ ಕೊಟ್ಟು ನೋಡಿದರು. ಕಾರಿನೊಳಗೆ ಕ್ಯಾಮೆರಾ ಇದೆ ಅಂತ ಗೊತ್ತಿದ್ದೂ ಒಬ್ಬರು ಫೋನ್ ನೋಡುತ್ತಿದ್ದಾರೆ, ಒಬ್ಬರು ಮೇಕಪ್ ಮಾಡಿಕೊಳ್ಳುತ್ತಿದ್ದಾರೆ, ಒಬ್ಬರು ಹೈವೇಯಲ್ಲೇ ನಿದ್ದೆ. ಅದನ್ನು ನೋಡಿ ಅವರು ಆ ದಾರಿಯನ್ನೇ ಬಿಟ್ಟರು. ಮಾಡಿದರೆ ಪೂರ್ತಿ ಓಡಿಸುವ ಕಾರು, ಇಲ್ಲದಿದ್ದರೆ ಇಲ್ಲ ಅಂತ ತೀರ್ಮಾನಿಸಿದರು. ಅದೇ ಇವತ್ತಿನ ವೇಮೋ. ಮಿಕ್ಕವರು ಆ ಅರ್ಧ ಕಾರನ್ನೇ ಮಾರಿದರು, ಈಗಲೂ ಮಾರುತ್ತಿದ್ದಾರೆ.

ಹೀಗೆ ಮಾರಿದ್ದರ ಫಲ ನಮ್ಮ ಮನೆ ಹತ್ತಿರವೇ ಇದೆ. ಮೌಂಟನ್ ವ್ಯೂನಲ್ಲಿ 101ನೇ ಹೈವೇಯಿಂದ 85ಕ್ಕೆ ರಸ್ತೆ ಕವಲೊಡೆಯುವ ಜಾಗ ಇಲ್ಲಿನ ಕನ್ನಡಿಗರಿಗೆಲ್ಲ ಗೊತ್ತು. 2018ರ ಮಾರ್ಚ್ 23ರಂದು ಅಲ್ಲಿ ಆಟೋಪೈಲಟ್‌ನಲ್ಲಿದ್ದ (ಅದು ಟೆಸ್ಲಾದ ಲೆವೆಲ್ 2 ವ್ಯವಸ್ಥೆ) ಟೆಸ್ಲಾ ಕಾರು ಎರಡು ದಾರಿಗಳ ನಡುವಿನ ಖಾಲಿ ಜಾಗವನ್ನೇ ಲೇನ್ ಅಂದುಕೊಂಡು, ವೇಗ ಹೆಚ್ಚಿಸಿಕೊಂಡು, ಗಂಟೆಗೆ 70 ಮೈಲಿ ಮೇಲೆ ಹೋಗಿ ತಡೆಗೋಡೆಗೆ ಗುದ್ದಿತು. ಕಾರಲ್ಲಿದ್ದ ಇಂಜಿನಿಯರ್ ತೀರಿಕೊಂಡರು. ಆ ಜಾಗದಲ್ಲಿ ಕಾರು ಎಳೆಯುತ್ತೆ ಅಂತ ಅವರು ಮನೆಯಲ್ಲಿ ಮೊದಲೇ ಹೇಳಿದ್ದರು. ತನಿಖೆಯಲ್ಲಿ ಗೊತ್ತಾಗಿದ್ದು, ಕೊನೆ ಗಳಿಗೆಯಲ್ಲಿ ಅವರ ಫೋನಲ್ಲಿ ಗೇಮ್ ನಡೆಯುತ್ತಿತ್ತು. ಕೇಳಿದವರೆಲ್ಲ "ಗೇಮ್ ಆಡಿದ್ದು ಅವರದೇ ತಪ್ಪು" ಅಂದುಬಿಡುತ್ತಾರೆ. ಅಷ್ಟು ತಿಳಿದವರೇ ಮೈಮರೆತರು ಅಂದರೆ, ಮೈಮರೆಸುವ ಹಾಗೆ ಮಾಡಿಟ್ಟವರನ್ನು ಯಾರೂ ಕೇಳುವುದಿಲ್ಲವಾ?

ಅದೇ ವಾರ, ಮಾರ್ಚ್ 18ರ ರಾತ್ರಿ, ಅರಿಜೋನಾದ ಟೆಂಪಿಯಲ್ಲಿ ಊಬರ್‌ನ ಪರೀಕ್ಷೆಯ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಗುದ್ದಿ ಸಾಯಿಸಿತು. ಕಾರಿಗೆ ಆಕೆ 5.6 ಸೆಕೆಂಡ್ ಮೊದಲೇ ಕಂಡಿದ್ದಳು. ಗಾಡಿಯಾ, ಸೈಕಲ್ಲಾ, ಇನ್ನೇನೋ ಅಂತ ಅದು ಮತ್ತೆ ಮತ್ತೆ ಅಭಿಪ್ರಾಯ ಬದಲಿಸುತ್ತಾ ಹೋಯಿತು. ಜೀಬ್ರಾ ಪಟ್ಟೆ ಇಲ್ಲದ ಕಡೆಯೂ ಜನ ದಾಟುತ್ತಾರೆ ಅನ್ನೋ ಲೆಕ್ಕವೇ ಆ ಸಾಫ್ಟ್‌ವೇರ್‌ಗೆ ಇರಲಿಲ್ಲ. ವೋಲ್ವೋ ಕಾರಿನ ಸ್ವಂತ ತುರ್ತು ಬ್ರೇಕನ್ನೂ ಕಂಪನಿ ಆಫ್ ಮಾಡಿತ್ತು. ಸೀಟಲ್ಲಿ ಕಾಯೋಕೆ ಕೂತಿದ್ದ ನೌಕರರ ಕಣ್ಣು ಫೋನಿನ ಮೇಲಿತ್ತು. ಕೊನೆಗೆ ಕ್ರಿಮಿನಲ್ ಕೇಸು ಯಾರ ಮೇಲೆ? ಕಾಯೋಕೆ ಕೂತವರ ಮೇಲೆ. ಕಂಪನಿ ಮೇಲೆ ಕ್ರಿಮಿನಲ್ ಕೇಸಿಗೆ ಆಧಾರ ಇಲ್ಲ ಅಂತ 2019ರಲ್ಲೇ ಸರ್ಕಾರಿ ವಕೀಲರು ಹೇಳಿಯಾಗಿತ್ತು. ಆ ನೌಕರರು 2023ರಲ್ಲಿ ತಪ್ಪೊಪ್ಪಿಕೊಂಡರು, ಮೂರು ವರ್ಷದ ಪ್ರೊಬೇಷನ್ ಆಯಿತು. ಅವರದು ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಬ್ರೇಕ್ ಆಫ್ ಮಾಡಿ ಅಂತ ತೀರ್ಮಾನಿಸಿದವರು ಅವತ್ತು ಕೋರ್ಟಿನಲ್ಲಿ ಇರಲಿಲ್ಲ, ನನಗೆ ಹೊಟ್ಟೆ ಉರಿಯೋದು ಅದಕ್ಕೆ.

ಈಗ ನನ್ನ ಆಫೀಸಿನವರು ಹೇಳುವ ಮಾತು. "ಮನುಷ್ಯರು ಇದಕ್ಕಿಂತ ಕೆಟ್ಟದಾಗಿ ಓಡಿಸುತ್ತಾರೆ, ಅರ್ಧ ಯಂತ್ರವಾದರೂ ಇರಲಿ." ಮೊದಲನೇ ಅರ್ಧ ನಿಜ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಸರ್ಕಾರದ್ದೇ ಲೆಕ್ಕ. ಆದರೆ ಅದಕ್ಕೆ ಉತ್ತರವಾಗಿ ಇವರು ತೋರಿಸುವ ಅಂಕಿ ಯಾವುದು? ಸ್ವಿಸ್ ರೀ ವಿಮಾ ಕಂಪನಿಯೂ ವೇಮೋನೂ ಸೇರಿ 2.53 ಕೋಟಿ ಮೈಲಿಗಳ ಲೆಕ್ಕ ಹಾಕಿ, ಮನುಷ್ಯರು ಓಡಿಸುವ ಕಾರಿಗಿಂತ ಗಾಯದ ಕ್ಲೇಮುಗಳು 92% ಕಡಿಮೆ, ಆಸ್ತಿ ನಷ್ಟದ ಕ್ಲೇಮುಗಳು 88% ಕಡಿಮೆ ಅಂದರಲ್ಲ, ಅದು. ಚೆನ್ನಾಗಿದೆ. ಆದರೆ ಅದು ಪೂರ್ತಿ ತಾನೇ ಓಡಿಸುವ ಕಾರಿನ ಅಂಕಿ. ಅದನ್ನು ತಂದು ನನ್ನ ತಮ್ಮನ ಲೆವೆಲ್ 2 ಕಾರಿಗೆ ಅಂಟಿಸಬೇಡಿ, ದಯವಿಟ್ಟು. ತುರ್ತು ಬ್ರೇಕ್ ಇರಲಿ, ಲೇನ್ ತಪ್ಪಿದರೆ ಕೂಗಲಿ, ಅದೆಲ್ಲ ಬೇಕು. ನಾವು ಓಡಿಸುವಾಗ ಯಂತ್ರ ಕಾದರೆ ಒಳ್ಳೆಯದು, ಯಾಕಂದರೆ ಕಾಯೋಕೆ ಅದಕ್ಕೆ ಬೇಜಾರಾಗಲ್ಲ.

ವೇಮೋ ಅಂಥದ್ದೂ ತಪ್ಪು ಮಾಡುತ್ತೆ, ಮಾಡಿದೆ. 2025ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕರೆಂಟ್ ಹೋಗಿ ಸಿಗ್ನಲ್ ಆರಿದಾಗ ಇವು ಚೌಕಗಳಲ್ಲೇ ನಿಂತು ಟ್ರಾಫಿಕ್ ಕಟ್ಟಿಹಾಕಿದವು. ಮಕ್ಕಳನ್ನು ಇಳಿಸುತ್ತಿದ್ದ ಸ್ಕೂಲ್ ಬಸ್ ದಾಟಿ ಹೋಗಿ ರೀಕಾಲ್ ಆಯಿತು. ಡ್ರೈವರ್ ಇಲ್ಲದ ಟ್ಯಾಕ್ಸಿ ಓಡಿಸುತ್ತಿದ್ದ, ಜನರಲ್ ಮೋಟಾರ್ಸ್ (ಜಿಎಂ) ಒಡೆತನದ ಕ್ರೂಸ್ ಕಂಪನಿಯದಂತೂ ಕ್ಷಮಿಸುವ ಮಾತೇ ಇಲ್ಲ. 2023ರ ಅಕ್ಟೋಬರ್ 2ರಂದು ಬೇರೆ ಕಾರು ಗುದ್ದಿ ಎಸೆದಿದ್ದ ಹೆಂಗಸನ್ನು ಅವರ ಕಾರು ಅಡಿಯಲ್ಲಿ ಸಿಕ್ಕಿಸಿಕೊಂಡು 20 ಅಡಿ ಎಳೆದುಕೊಂಡು ಹೋಯಿತು, ಆ ಎಳೆದ ವಿಷಯವನ್ನೇ ಕಂಪನಿ ಸರಿಯಾಗಿ ಹೇಳಲಿಲ್ಲ. ಆದರೆ ಗಮನಿಸಿ, ಆ ಎಳೆದ ತಪ್ಪನ್ನು ಯಾವ ಡ್ರೈವರ್ ಮೇಲೂ ಹಾಕೋಕೆ ಆಗಲಿಲ್ಲ. ಸೀಟು ಖಾಲಿ ಇತ್ತು. ಅದೇ ತಿಂಗಳು 24ಕ್ಕೆ ಪರ್ಮಿಟ್ ಅಮಾನತಾಯಿತು, ಆಮೇಲೆ ಸುಳ್ಳು ವರದಿ ಕೊಟ್ಟಿದ್ದಕ್ಕೆ ದಂಡ, 2024ರ ಕೊನೆಗೆ ಜಿಎಂ ಆ ರೋಬೋಟ್ಯಾಕ್ಸಿ ಕೆಲಸವನ್ನೇ ನಿಲ್ಲಿಸಿತು. ಯಾರನ್ನು ಕೇಳಬೇಕೋ ಅವರನ್ನೇ ಕೇಳಿದರು.

ಲೆವೆಲ್ 2ರಲ್ಲಿ ಅಷ್ಟಕ್ಕೆ ಬರೋಕೆ ಎಷ್ಟು ವರ್ಷ ಬೇಕಾಯಿತು ನೋಡಿ. ಫ್ಲೋರಿಡಾದಲ್ಲಿ 2019ರಲ್ಲಿ ಬಿದ್ದ ಫೋನ್ ಎತ್ತಿಕೊಳ್ಳೋಕೆ ಡ್ರೈವರ್ ಬಗ್ಗಿದಾಗ, ಆಟೋಪೈಲಟ್‌ನಲ್ಲಿದ್ದ ಕಾರು ರಸ್ತೆ ಪಕ್ಕ ನಿಂತಿದ್ದ 22 ವರ್ಷದ ಹುಡುಗಿಯ ಜೀವ ತೆಗೆಯಿತು. ಟೆಸ್ಲಾದ್ದೂ 33% ತಪ್ಪಿದೆ ಅಂತ ಜ್ಯೂರಿ ಹೇಳಿದ್ದು 2025ರ ಆಗಸ್ಟ್‌ನಲ್ಲಿ.

ನಮ್ಮ ಕಡೆ ಇದು ಇನ್ನೂ ಚರ್ಚೆಗೇ ಬಂದಿಲ್ಲ. ಡ್ರೈವರ್ ಇಲ್ಲದ ಕಾರು ಭಾರತಕ್ಕೆ ಬರೋಕೆ ಬಿಡಲ್ಲ, ಡ್ರೈವರ್‌ಗಳ ಕೆಲಸ ಹೋಗುತ್ತೆ ಅಂತ ಗಡ್ಕರಿಯವರು 2023ರಲ್ಲಿ ಹೇಳಿದರು. ಆ ಚಿಂತೆ ನನಗೆ ಅರ್ಥವಾಗುತ್ತೆ. ಆದರೆ ಅರ್ಧ ಓಡಿಸುವ ಕಾರು ಆಗಲೇ ಶೋರೂಮಿನಲ್ಲಿದೆ. ಡೆಲಿವರಿ ದಿನ ಹಾರ, ನಿಂಬೆಹಣ್ಣು, ಕೇಕ್, ಫೋಟೋ ಎಲ್ಲ ಆಗುತ್ತೆ. ಎಡಿಎಎಸ್ ಏನೇನು ಮಾಡುತ್ತೆ ಅಂತ ಉತ್ಸಾಹದಿಂದ ತೋರಿಸುತ್ತಾರೆ. ಏನೇನು ಮಾಡೋದಿಲ್ಲ ಅಂತ ತಮ್ಮನಿಗೆ ಯಾರೂ ಹೇಳಿಲ್ಲ, ನಾನು ಕೇಳಿದೆ. ಕೈ ತೆಗೆದರೆ ಕೆಲವು ಸೆಕೆಂಡಿಗೆ ಬೀಪ್ ಅನ್ನುತ್ತೆ ಅಂತ ಸ್ಟೀರಿಂಗ್‌ಗೆ ನೀರಿನ ಬಾಟಲಿ ಸಿಕ್ಕಿಸಿ ಮೋಸ ಮಾಡುವುದನ್ನೂ ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ! ಹಿಂದಿನ ಸೀಟಲ್ಲಿ ಮಗು ಇದೆ ಕಣೋ.

ಇಂಥ ಕಾರು ಇರೋರು ಇವತ್ತೇ ಗ್ಲೋವ್ ಬಾಕ್ಸಿನಿಂದ ಆ ದಪ್ಪ ಪುಸ್ತಕ ತೆಗೆದು ಎಡಿಎಎಸ್ ಪುಟಗಳಲ್ಲಿ ಎಚ್ಚರಿಕೆ ಅಂತ ಬರೆದಿರುವುದನ್ನಷ್ಟೇ ಓದಿ. ಮನೆಯಲ್ಲಿ ಆ ಕಾರು ಓಡಿಸುವ ಎಲ್ಲರಿಗೂ ಓದಿಸಿ. ಕೈ ಬಿಟ್ಟ ರೀಲ್ಸ್ ಹಾಕಿದ್ದರೆ ತೆಗೆದುಹಾಕಿ, ಅದನ್ನು ನೋಡಿ ಇನ್ನೊಬ್ಬ ಕೈ ಬಿಡುತ್ತಾನೆ. ಶೋರೂಮಿನಲ್ಲಿ ಕೆಲಸ ಮಾಡುವ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ, ಡೆಲಿವರಿ ದಿನ ನೀವು ಈ ಬಗ್ಗೆ ಏನು ಹೇಳುತ್ತೀರಿ ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ನನಗೆ ನಿಜವಾಗಲೂ ತಿಳಿದುಕೊಳ್ಳಬೇಕು.