ನೀರಿನ ಗಂಟೆ

ಮೂವತ್ತಮೂರು ವರ್ಷ ಗಂಟೆಯ ಸದ್ದಿಗೆ ತರಗತಿಯೊಳಗೆ ಹೋಗಿ, ಗಂಟೆಯ ಸದ್ದಿಗೇ ಹೊರಗೆ ಬಂದವನು ನಾನು. ನಿವೃತ್ತನಾದ ಮೇಲೆ ಕೋಡಿಬೆಂಗ್ರೆಯ ಅಳಿವೆಯಲ್ಲಿ ಗಾಳ ಹಾಕುವ ಹವ್ಯಾಸ ಹತ್ತಿದಾಗಲೂ ಅದೇ ಅಭ್ಯಾಸದಲ್ಲಿ, ಬೆಳಿಗ್ಗೆ ಸರಿಯಾಗಿ ಆರಕ್ಕೆ ಕಲ್ಲಿನ ತಡೆಗೋಡೆಯ ಮೇಲೆ ಹಾಜರಾಗುತ್ತಿದ್ದೆ. ಮೊದಲ ದಿನ ನಾಲ್ಕು ಕಾಣೆ ಮೀನು ಸಿಕ್ಕವು. ಮರುದಿನ ಎರಡು, ಅದರ ಮರುದಿನ ಒಂದು. ಆಮೇಲೆ ವಾರವಿಡೀ ಕಾಣೆ ಹೆಸರಿಗೆ ತಕ್ಕಂತೆ ಕಾಣೆಯಾಯಿತು. ಗಾಳಕ್ಕೆ ಚುಚ್ಚಿದ ಸಿಗಡಿಯನ್ನು ಏಡಿಗಳು ಕಿತ್ತು ತಿಂದದ್ದೇ ಬಂತು.

ದೋಣಿ ನಡೆಸುವ ಕೆಲಸ ಬಿಟ್ಟು ಮನೆಯಲ್ಲಿರುವ ಹಿರಿಯ ತಾಂಡೇಲರೊಬ್ಬರು, ಎಂದರೆ ಮೀನುದೋಣಿಯ ಮುಖ್ಯಸ್ಥರು, ಈ ದುರವಸ್ಥೆಯನ್ನು ನಾಲ್ಕು ದಿನ ಸುಮ್ಮನೆ ನೋಡಿ, ಐದನೆಯ ದಿನ ಹತ್ತಿರ ಬಂದರು. “ನಿನ್ನೆ ನೀರು ಏರಿದ್ದು ಎಷ್ಟು ಹೊತ್ತಿಗೆ ಮಾಷ್ಟ್ರೇ?” ಎಂದು ಕೇಳಿದರು. ಗೊತ್ತಿಲ್ಲವೆಂದೆ. “ಅದು ಗೊತ್ತಿಲ್ಲದೆ ಎಂತ ಗಾಳ ಹಾಕುದು!” ಎಂದು ನಕ್ಕು, ಪಕ್ಕದ ಕಲ್ಲಿನ ಮೇಲೆ ಕುಳಿತರು.

ವಿಜ್ಞಾನದ ಮಾಷ್ಟ್ರನಾಗಿ ನಾನೇ ಎಷ್ಟೋ ಸಲ ಕರಿಹಲಗೆಯ ಮೇಲೆ ಚಂದ್ರನ ಚಿತ್ರ ಬರೆದು ಉಬ್ಬರ ಇಳಿತದ ಪಾಠ ಮಾಡಿದ್ದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡರ ನಡುವೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇಂದಿನ ಉಬ್ಬರ ನಾಳೆ ಬರುವುದು ಸುಮಾರು 50 ನಿಮಿಷ ತಡವಾಗಿ. ನಮ್ಮ ಶಾಲೆಯ ಒಂದು ಪೀರಿಯಡ್ 45 ನಿಮಿಷದ್ದು. ಸಮುದ್ರವೆಂಬ ಶಾಲೆಯಲ್ಲಿ ಪ್ರತಿದಿನವೂ ಗಂಟೆ ಒಂದು ಪೀರಿಯಡ್ಡಿಗಿಂತ ತುಸು ಹೆಚ್ಚೇ ತಡವಾಗಿ ಬಾರಿಸುತ್ತದೆ ಎಂಬುದು ಪಾಠ ಮಾಡಿದವನ ತಲೆಗೇ ಹೊಳೆದಿರಲಿಲ್ಲ. ನನ್ನ ಆರು ಗಂಟೆ ಮೊದಲ ದಿನ ಏರುವ ನೀರಿಗೆ ಸಿಕ್ಕಿತ್ತು, ನಾಲ್ಕನೆಯ ದಿನ ತಗ್ಗಿ ನಿಂತ ನೀರಿಗೆ, ವಾರದ ಕೊನೆಗೆ ಇಳಿಯುವ ನೀರಿಗೆ. ಗಡಿಯಾರ ಅಲ್ಲೇ ಇತ್ತು, ನೀರು ಬದಲಾಗಿತ್ತು.

ಏರುವ ನೀರು ಮರಳದಿಬ್ಬದ ಮೇಲೆ ಹರಡಿದಾಗ, ಮರಳಿನೊಳಗಿನ ಹುಳುಗಳನ್ನೂ ಸಣ್ಣ ಸಿಗಡಿಯನ್ನೂ ಹುಡುಕುತ್ತ ಕಾಣೆ ಅದರ ಹಿಂದೆಯೇ ಬರುತ್ತದೆ. ಹರಿವಿದ್ದರೆ ಗಾಳಕ್ಕೆ ಚುಚ್ಚಿದ ಎರೆಯ ವಾಸನೆ ದೂರಕ್ಕೆ ಹೋಗುತ್ತದೆ. ನೀರು ನಿಂತರೆ ವಾಸನೆಯೂ ಅಲ್ಲೇ ನಿಲ್ಲುತ್ತದೆ. ಗಾಳದ ದಾರವಾದ ತಂಗೂಸನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕುಳಿತರೆ ಇದು ಚರ್ಮಕ್ಕೇ ತಿಳಿಯುತ್ತದೆ. ನೀರು ಹರಿಯುತ್ತಿರುವಾಗ ದಾರ ವೀಣೆಯ ತಂತಿಯಂತೆ ಸಣ್ಣಗೆ ನಡುಗುತ್ತಿರುತ್ತದೆ. ಕಾಣೆ ಮುಟ್ಟಿದರೆ ಆ ನಡುಕದ ಮೇಲೆ ಟಕ್ ಟಕ್ ಎಂದು ಎರಡು ಪೆಟ್ಟು. ಏಡಿಯದು ಹಾಗಲ್ಲ, ಯಾರೋ ಒದ್ದೆ ಬಟ್ಟೆ ಎಳೆದಂತೆ ನಿಧಾನದ ಭಾರ. ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿಗೆ ಹರಿವು ಜೋರು, ಅಷ್ಟಮಿ ನವಮಿಗೆ ಅದು ಸೋಮಾರಿ. ಈಗ ನಾನು ಗಾಳದ ಪೆಟ್ಟಿಗೆಗಿಂತ ಮೊದಲು ಪಂಚಾಂಗ ತೆಗೆಯುತ್ತೇನೆ.

ಹಾಗೆಂದು ಸೂರ್ಯನಿಗೆ ಅಧಿಕಾರವೇ ಇಲ್ಲವೆಂದಲ್ಲ. ಏರುವ ನೀರು ಮುಂಜಾವಿಗೋ ಮುಸ್ಸಂಜೆಗೋ ಕೂಡಿಬಂದರೆ ಅದಕ್ಕಿಂತ ಸುಯೋಗ ಬೇರಿಲ್ಲ. ನಡುಹಗಲಿನ ಬಿಸಿಲಿಗೆ ಮೀನು ಆಳಕ್ಕೆ ಸರಿದರೆ, ಕೊಡೆ ಹಿಡಿದು ಕುಳಿತವನು ಜನರ ಕುತೂಹಲಕ್ಕೆ ಮಾತ್ರ ಗುರಿಯಾಗುತ್ತಾನೆ. ಎಂಜಿನ್ ಇಲ್ಲದ ಕಾಲದಲ್ಲಂತೂ ಹೊತ್ತೇ ಚುಕ್ಕಾಣಿ: ರಾತ್ರಿ ತಂಪಾದ ನೆಲದಿಂದ ಬೀಸುವ ಮೂಡುಗಾಳಿಗೆ ಹಾಯಿ ಬಿಚ್ಚಿ ನಸುಕಿನಲ್ಲೇ ಹೊರಟ ದೋಣಿಗಳು, ಮಧ್ಯಾಹ್ನ ನೆಲ ಕಾದ ಮೇಲೆ ಎದ್ದ ಪಡುಗಾಳಿಗೆ ಮರಳುತ್ತಿದ್ದವು. ಕತ್ತಲ ರಾತ್ರಿಯಲ್ಲಿ ಮೀನಿನ ಹಿಂಡು ಹಾದರೆ ನೀರೇ ಮಿನುಗುತ್ತದೆಂದೂ, ಆ ಮಿನುಗು ನೋಡಿ ಬಲೆ ಬೀಸುತ್ತಿದ್ದೆವೆಂದೂ ತಾಂಡೇಲರು ಹೇಳುತ್ತಾರೆ. ಬೆಳದಿಂಗಳಿಗೆ ಆ ಗುಟ್ಟು ಅಳಿಸಿಹೋಗುತ್ತದೆ. ಪ್ರಖರ ದೀಪ ಹಚ್ಚಿ ಮೀನನ್ನು ಸೆಳೆಯುವ, 2017ರಲ್ಲಿ ಕೇಂದ್ರ ಸರಕಾರ ನಿಷೇಧಿಸಿದ ಬೆಳಕು ಮೀನುಗಾರಿಕೆಯೂ ಕತ್ತಲನ್ನೇ ನಂಬಿದ್ದು. ಹುಣ್ಣಿಮೆಯ ಚಂದ್ರನೆದುರು ಎಲ್‌ಇಡಿ ದೀಪಕ್ಕೂ ಅಷ್ಟು ಮರ್ಯಾದೆಯಿಲ್ಲ.

ಹವೆಯ ವಿಷಯದಲ್ಲಿ ಮಾತ್ರ ನನಗೂ ಗಾಳದ ಗೆಳೆಯರಿಗೂ ಜಗಳವಿದೆ. ವಾಯುಭಾರ ಕುಸಿದರೆ ಮೀನು ಬಾಯಿ ಮುಚ್ಚುತ್ತದೆ ಎಂದು ಅವರು ಮೊಬೈಲ್ ತೋರಿಸುತ್ತಾರೆ. ವಾಯುಭಾರ ಅಳೆಯುವ ಒಂದು ಮಿಲಿಬಾರ್ ಎಂದರೆ ಸುಮಾರು ಒಂದು ಸೆಂಟಿಮೀಟರ್ ನೀರಿನ ಭಾರ. ಹತ್ತು ಮಿಲಿಬಾರ್ ಕುಸಿತವೆಂದರೆ ಮೀನು ಒಂದು ಗೇಣಿಗಿಂತ ಕಡಿಮೆ ಮೇಲೆ ಬಂದಂತೆ. ದಿನಕ್ಕೆರಡು ಬಾರಿ ಅದಕ್ಕಿಂತ ಎಷ್ಟೋ ಹೆಚ್ಚು ನೀರು ತಲೆಯ ಮೇಲೆ ಏರಿಳಿಯುವುದನ್ನು ಸಹಿಸುವ ಪ್ರಾಣಿ ಇಷ್ಟಕ್ಕೆ ಮುನಿಸಿಕೊಳ್ಳುತ್ತದೆಯೆ? ಮೀನು ಅಂಜುವುದು ಮೋಡದ ಜತೆಗೆ ಬರುವ ಗಾಳಿಗೆ, ಕದಡಿದ ನೀರಿಗೆ, ಸಿಹಿನೀರಿಗೆ ಎಂದು ನನ್ನ ವಾದ. ಮಳೆಗಾಲದಲ್ಲಿ ಸೀತಾ, ಸುವರ್ಣಾ ನದಿಗಳು ಘಟ್ಟದ ಕೆಂಪು ನೀರನ್ನು ಅಳಿವೆಗೆ ಸುರಿಯುವಾಗ ಉಪ್ಪುನೀರಿನ ಮೀನು ಹೊರಗೆ ಸರಿಯುತ್ತದೆ, ನನ್ನ ಗಾಳ ಅಟ್ಟ ಸೇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮಲ್ಪೆಯ ಯಾಂತ್ರಿಕ ದೋಣಿಗಳಿಗೂ ರಜೆ. ಆದರೆ ಅದೇ ದಿನಗಳಲ್ಲಿ ನಾಡದೋಣಿಯವರು ಕಡಲಿಗೆ ತೂಫಾನ್ ಏಳಲೆಂದು ಕಾಯುತ್ತಾರೆ. ಕಡಲು ಒಮ್ಮೆ ತಳದಿಂದ ಕಲಕಿ ತಣ್ಣಗಾದ ಮೇಲೆಯೇ ದಡದ ಹತ್ತಿರ ಮೀನು, ಸಿಗಡಿ ಎಂಬುದು ಅವರ ಲೆಕ್ಕ. ನಾನು ಹೆದರಿ ಮನೆ ಸೇರುವ ಗಾಳಿಯನ್ನೇ ಅವರು ಎದುರುನೋಡುವುದು ಕಂಡಾಗಲೆಲ್ಲ ನನ್ನ ವಾದದ ಬಗ್ಗೆ ನನಗೇ ಸ್ವಲ್ಪ ಸಂಕೋಚವಾಗುತ್ತದೆ.

ಕಳೆದ ವಾರ ಪಂಚಾಂಗ ನೋಡದೆ, ಮುಂಜಾವಿನ ತಂಪಿಗೆ ಮರುಳಾಗಿ ಹೊರಟುಬಿಟ್ಟೆ. ದಾರ ಬೆರಳ ಮೇಲೆ ಸತ್ತಂತೆ ಬಿದ್ದಿತ್ತು. “ಇವತ್ತು ನೀರಿಗೆ ರಜೆ ಮಾಷ್ಟ್ರೇ” ಎಂದು ತಾಂಡೇಲರು ದೂರದಿಂದಲೇ ಕೂಗಿ ಚಹಾ ಕುಡಿಯಲು ಹೋದರು. ಎಂಟು ಗಂಟೆಗೆ ಮನೆಗೆ ಬಂದು, ಎರೆಗೆಂದು ಒಯ್ದಿದ್ದ ಸಿಗಡಿಯ ಪೊಟ್ಟಣವನ್ನು ಹಾಗೆಯೇ ಅಡುಗೆಮನೆಯಲ್ಲಿಟ್ಟೆ. ಮನೆಯಾಕೆ ನನ್ನ ಮುಖವನ್ನೂ ನೋಡದೆ ಗೋಡೆಯ ಕ್ಯಾಲೆಂಡರಿನತ್ತ ತಿರುಗಿ, “ಓ, ಅಷ್ಟಮಿ” ಎಂದು, ಸುಕ್ಕಕ್ಕೆ ತೆಂಗಿನಕಾಯಿ ತುರಿಯಲು ಕುಳಿತಳು.