ಏಪ್ರಿಲ್‌ನಲ್ಲಿ ಬಂದು ಕಾವಲ್ ಖಾಲಿ ಅನ್ನಬೇಡಿ

ಮೊನ್ನೆ ದಾವಣಗೆರೆಯ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಫೋಟೊ ಬಂತು. ಕಾಂಪೌಂಡ್ ಗೋಡೆ ಮೇಲೆ ನಾಲ್ಕೈದು ರೈಲು ಹುಳ. ಕೆಳಗೆ "ಯಾವ ಪೌಡರ್ ಹಾಕ್ಬೇಕು?" ಅಂತ ಪ್ರಶ್ನೆ. ಮಲಗಿದಾಗ ಕಿವಿಯೊಳಗೆ ಹೋಗುತ್ತೆ ಅಂತ ಒಬ್ಬರು ಹೆದರಿಸಿಯೂ ಆಯಿತು.

ಪುಸ್ತಕದಲ್ಲಿ ಸಹಸ್ರಪದಿ ಅಂತಾರಲ್ಲ, ಅದೇ ಹುಳ. ಅದು ಕಚ್ಚಲ್ಲ. ಮುಟ್ಟಿದರೆ ಸುರುಳಿ ಸುತ್ತಿಕೊಂಡು ಮಲಗುತ್ತೆ. ಜಾಸ್ತಿ ಕಾಡಿದರೆ ಘಾಟು ವಾಸನೆಯ ರಸ ಬಿಡುತ್ತೆ, ಬೆರಳಿಗೆ ಕಂದು ಕಲೆ ಬೀಳುತ್ತೆ. ಆ ಕೈಯನ್ನು ಕಣ್ಣಿಗೆ ಒರೆಸಿಕೊಳ್ಳಬಾರದು, ಅಷ್ಟೇ. ಜಪಾನಿನಲ್ಲೂ ಒಂದು ಜಾತಿಗೆ ರೈಲು ಹುಳ ಅಂತಲೇ ಹೆಸರು. ಆದರೆ ಆಕಾರ ನೋಡಿ ಇಟ್ಟದ್ದಲ್ಲ. 8 ವರ್ಷಕ್ಕೊಮ್ಮೆ ಗುಂಪುಗುಂಪಾಗಿ ಹೊರಬಂದು, ಹಳಿ ಮೇಲೆ ಹರಡಿ, ನಿಜವಾದ ರೈಲನ್ನೇ ನಿಲ್ಲಿಸಿದ್ದವು!

ಆ ಫೋಟೊ ನೋಡಿ ನನಗೆ ನೆನಪಾದದ್ದು ಊರಿನ ಕಾವಲ್, ಅಂದರೆ ದನಕುರಿ ಮೇಯುವ ಹುಲ್ಲುಗಾವಲು. ನಮ್ಮೂರು ಚಳ್ಳಕೆರೆ ಕಡೆ. ಏಪ್ರಿಲ್‌ನಲ್ಲಿ ಅಲ್ಲಿಗೆ ಹೋದರೆ ಕಲ್ಲು, ಮುಳ್ಳು, ಮೊಣಕಾಲಿಗಿಂತ ಕೆಳಗಿನ ಒಣಹುಲ್ಲು. ಯಾರೇ ಆದರೂ "ಏನೂ ಇಲ್ಲ ಕಣ್ರೀ ಇಲ್ಲಿ" ಅಂತಾರೆ. ಮೇ ತಿಂಗಳಲ್ಲಿ ಗುಡುಗಿ ಒಂದು ದೊಡ್ಡ ಮಳೆ ಬೀಳಲಿ. ಮಾರನೇ ದಿನ ಬೆಳಗ್ಗೆ ಕಾಲಿಡೋಕೆ ನೋಡಿಕೊಂಡು ಇಡಬೇಕು, ಅಷ್ಟು ರೈಲು ಹುಳ. ಒಮ್ಮೆ ಸುಮ್ನೆ ಕುತೂಹಲಕ್ಕೆ ಒಂದು ಮೀಟರ್ ಚೌಕಕ್ಕೆ ದಾರ ಕಟ್ಟಿ ಎಣಿಸಲು ಕೂತೆ. ಎಣಿಸುವಷ್ಟರಲ್ಲಿ ಎರಡು ದಾರ ದಾಟಿ ಹೋಗುತ್ತಿದ್ದವು, ಮೂರು ಒಳಗೆ ಬರುತ್ತಿದ್ದವು.

ಕುರಿ ಕಾಯುವ ದೊಡ್ಡಪ್ಪನನ್ನು ಕೇಳಿದೆ, "ಬೇಸಿಗೇಲಿ ಇವು ಎಲ್ಲಿರ್ತವೆ ದೊಡ್ಡಪ್ಪ?"

"ಹಸಿ ಎಷ್ಟು ಆಳಕ್ಕೆ ಇಳೀತದೋ ಇವೂ ಅಷ್ಟು ಆಳಕ್ಕೆ ಇಳೀತವೆ ಕಣಪ್ಪಾ."

ಉತ್ತರ ಸರಿಯಾಗಿಯೇ ಇದೆ. ಈ ಹುಳದ ಪಕ್ಕೆಯಲ್ಲಿರುವ ಉಸಿರಿನ ರಂಧ್ರಗಳನ್ನು ಮುಚ್ಚಿಕೊಳ್ಳಲು ಅದಕ್ಕೆ ಬರಲ್ಲ. ಕೀಟಗಳ ಮೈಗಿರುವ ಮೇಣದ ಲೇಪವೂ ಇದಕ್ಕೆ ಸರಿಯಾಗಿ ಇಲ್ಲ. ಒಣ ಗಾಳಿಯಲ್ಲಿ ಮೈಯ ನೀರೆಲ್ಲ ಹೋಗಿಬಿಡುತ್ತೆ. ಹಾಗಾಗಿ ಬೇಸಿಗೆಯಿಡೀ ಮಣ್ಣಿನ ಬಿರುಕಲ್ಲಿ, ಕಲ್ಲಿನಡಿ ಸುರುಳಿ ಸುತ್ತಿ ಕಾಯುತ್ತೆ. ಮಳೆಗಾಲದಲ್ಲೂ ಓಡಾಟವೆಲ್ಲ ರಾತ್ರಿ, ನಸುಕು, ಮೋಡದ ದಿನ.

ನಮ್ಮ ಸೀಮೆಯ ಮಳೆ ಮಲೆನಾಡಿನ ಹಾಗಲ್ಲ. ಮೇ ತಿಂಗಳದ್ದು ಒಂದು ಸುತ್ತು. ಜೂನ್, ಜುಲೈನಲ್ಲಿ ಗಾಳಿಯೇ ಜಾಸ್ತಿ, ಹನಿ ಕಡಿಮೆ. ಮತ್ತೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹುಳದ ಲೆಕ್ಕವೂ ಹಾಗೆಯೇ ಎರಡು ಸಲ ಏರುತ್ತೆ. ಆದರೆ ಎರಡೂ ಒಂದೇ ಅಲ್ಲ, ಇದು ನನಗೆ ಅರ್ಥವಾಗಲು ಮೂರು ಮಳೆಗಾಲ ಹಿಡಿಯಿತು. ಮೇನಲ್ಲಿ ಕಾಣುವ ಹಿಂಡು ಹೊಸದಾಗಿ ಹುಟ್ಟಿದ್ದಲ್ಲ, ಒಳಗಿದ್ದದ್ದು ಮೇಲೆ ಬಂದದ್ದು. ಸಂಗಾತಿಯನ್ನು ಹುಡುಕಿ, ಮಣ್ಣಲ್ಲಿ ಮೊಟ್ಟೆಯಿಡುವ ಆತುರ ಅದಕ್ಕೆ. ಮರಿ ಹೊರಬಂದಾಗ ಕಾಲು ಮೂರೇ ಜೊತೆ. ಪೊರೆ ಕಳಚಿದಾಗಲೆಲ್ಲ ಮೈಗೆ ಹೊಸ ಉಂಗುರಗಳು, ಅದಕ್ಕೆ ತಕ್ಕ ಹೊಸ ಕಾಲುಗಳು ಸೇರುತ್ತವೆ. ಸೆಪ್ಟೆಂಬರ್‌ನಲ್ಲಿ ಒಣ ಸೆಗಣಿ ಎತ್ತಿದರೆ ಅಡಿಯಲ್ಲಿ ದಾರದಂಥ ಬಿಳಿಚು ಮರಿಗಳು. ಸಂಖ್ಯೆ ನಿಜವಾಗಿ ಏರಿದ್ದು ಆಗ.

ನೆಲದಲ್ಲಿ ಲೋಟ ಹೂತಿಟ್ಟು, ಅದರಲ್ಲಿ ಬಿದ್ದ ಹುಳಗಳನ್ನು ಎಣಿಸಿ ಅಧ್ಯಯನ ಮಾಡುವವರಿಗೂ ಇದೇ ತೊಡಕು. ಲೋಟಕ್ಕೆ ಬೀಳುವುದು ನಡೆದಾಡುವ ಹುಳ ಮಾತ್ರ. ಓಡಾಟ ಬೇರೆ, ಸಂಖ್ಯೆ ಬೇರೆ. ಎಷ್ಟಿವೆ ಅಂತ ತಿಳಿಯಬೇಕಾದರೆ ಮಣ್ಣು ಅಗೆದು ಜಾಲಾಡಬೇಕು.

ಇದನ್ನೆಲ್ಲ ಹೇಳಲು ಕಾರಣ ಇದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಸುತ್ತಿನ ಅಮೃತ್ ಮಹಲ್ ಕಾವಲಿನಲ್ಲಿ (ಆ ಹೆಸರಿನ ದನದ ತಳಿಗೆಂದು ಹಿಂದೆ ಬಿಟ್ಟ ಹುಲ್ಲುಗಾವಲು) ಸಾವಿರಾರು ಎಕರೆ ದೊಡ್ಡ ಯೋಜನೆಗಳಿಗೆ ಹೋಯಿತು. ಉಳಿದ ಕಡೆ ಗುಂಡಿ ತೋಡಿ ಸಸಿ ನೆಡುವ ಉತ್ಸಾಹ. ಹುಲ್ಲುಗಾವಲು ಅಂದರೆ ಪಾಳು ಭೂಮಿ ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಾನು ಯೋಜನೆಗಳ ವಿರೋಧಿ ಅಲ್ಲ. ನನ್ನ ತಕರಾರು, ಜಾಗದ ಸಮೀಕ್ಷೆಗೆ ಬರುವವರು ಆರಿಸುವ ತಿಂಗಳಿನ ಬಗ್ಗೆ. ಒಣ ದಿನ ನೋಡಿ, ಮಧ್ಯಾಹ್ನ ಹನ್ನೆರಡಕ್ಕೆ ಜೀಪಿಳಿದು, ಸುತ್ತ ಕಣ್ಣಾಡಿಸಿ "ಜೀವಸಂಕುಲ ವಿರಳ" ಅಂತ ಬರೆದರೆ ಅದು ಎಂಥ ಲೆಕ್ಕ? ಬೀಗ ಹಾಕಿದ ಮನೆ ನೋಡಿ ಸಂಸಾರವೇ ಇಲ್ಲ ಅಂದ ಹಾಗಲ್ವಾ? ಕೃಷ್ಣಮೃಗ ಕಂಡರೆ ಫೋಟೊ ತೆಗೀತಾರೆ. ಆ ಮೃಗ ತಿನ್ನುವ ಹುಲ್ಲಿನ ಬುಡಕ್ಕೆ, ಸತ್ತ ಹುಲ್ಲನ್ನು ಪುಡಿ ಮಾಡಿ ಗೊಬ್ಬರವಾಗಿ ಕೊಡೋದರಲ್ಲಿ ಗೆದ್ದಲಿನ ಜೊತೆ ಈ ಹುಳದ ಪಾಲೂ ಇದೆ.

ಶೇಂಗಾ ಬೆಳೆಯೋರು ಬಯ್ಯಬಹುದು. ಎಳೆ ಕಾಯಿ, ಮೊಳಕೆ ಕೊರೆಯೋದು ಉಂಟು, ಒಪ್ಪಿದೆ. ಆದರೂ ಇದರ ಮುಖ್ಯ ಊಟ ಕೊಳೆತದ್ದೇ.

ಈಗ ಉತ್ತರೆ ಮಳೆ ನಡೀತಿದೆ. ಶನಿವಾರ ರಾತ್ರಿ ಬಿದ್ದರೆ ಭಾನುವಾರ ನಸುಕಿಗೇ ಊರಿಗೆ ಹೊರಡುತ್ತೇನೆ. ಬರುವವರು ಒಂದು ಹಳೇ ಟ್ರೇ, ಟಾರ್ಚು ತನ್ನಿ. ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಿ. ಅದೇ ಕಲ್ಲಿನಡಿ ಚೇಳೂ ಇರ್ತವೆ, ಅವು ಸುರುಳಿ ಸುತ್ತಿ ಮಲಗಲ್ಲ.