ಗೆದ್ದಲು ಯಾರು ಸ್ವಾಮಿ?

ಭಾನುವಾರ ಹಳೇ ತಮಿಳಿನ ಸಂಗಂ ಕಾವ್ಯದ ಬಗ್ಗೆ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಮದುರೈ ಶಾಖೆಯಲ್ಲಿ ಆರು ವರ್ಷ ಲೆಕ್ಕ ಬರೆದವನು ನಾನು, ತಮಿಳು ಅಂದರೆ ಕಿವಿ ನಿಮಿರುತ್ತದೆ, ನಿಮಗೆಲ್ಲ ಗೊತ್ತೇ ಇದೆ. ಭಾಷಣ ಚೆನ್ನಾಗೇ ಇತ್ತು. ನಡುವೆ ಒಂದು ಮಾತು ಎಸೆದರು ನೋಡಿ: "ಈ ವ್ಯಾಖ್ಯಾನಕಾರರು ಕವಿತೆಗೆ ಹತ್ತಿದ ಗೆದ್ದಲು. ನೇರವಾಗಿ ಕವಿತೆಗೇ ಹೋಗಿ." ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರಿದು ಹೋಯಿತು.

ಯಾಕೆ ಗೊತ್ತಾ? ಹತ್ತೇ ನಿಮಿಷ ಮುಂಚೆ ಇದೇ ಮಹಾಶಯರು ಮುಲ್ಲೈಪ್ಪಾಟ್ಟು ಅನ್ನುವ ಸಂಗಂ ಕವಿತೆಯ ಸೇನೆ ಬಿಡಾರವನ್ನು ವರ್ಣಿಸಿದ್ದರು. ಕಬ್ಬು, ತೆನೆ ಸೇರಿಸಿ ಕಟ್ಟಿದ ಮೇವನ್ನು ತಿನ್ನದೆ ಹಟ ಮಾಡುವ ಆನೆ, ಅದಕ್ಕೆ ವಡಮೊಳಿಯಲ್ಲಿ, ಅಂದರೆ ಬಡಗಣ ಭಾಷೆಯಲ್ಲಿ, ಹೇಳಿ ತಿನ್ನಿಸಲು ನೋಡುವ ಹುಡುಗ ಮಾವುತರು. ಆಮೇಲೆ ರಾಜನಿಗೆ ಹೊತ್ತು ತಿಳಿಸುವವರು, ಅವರ ಗಳಿಗೆ ಬಟ್ಟಲು, ಅಂದರೆ ನೀರಿನ ಗಡಿಯಾರ. ಸರಿ. ಮೂಲದಲ್ಲಿರುವುದು 'ಕುರುನೀರ್ ಕನ್ನಲ್' ಅಷ್ಟೇ. ಕನ್ನಲ್ ಅಂದರೆ ತಮಿಳಲ್ಲಿ ಕಬ್ಬು ಅಂತಲೂ ಆಗುತ್ತದೆ. ಇಲ್ಲಿ ಅದು ನಾಳಿಗೈ ವಟ್ಟಿಲ್, ನಮ್ಮ ಗಳಿಗೆ ಬಟ್ಟಲು, ಅಂತ ಬಿಡಿಸಿ ಬರೆದಿಟ್ಟವರು ಹಳೇ ವ್ಯಾಖ್ಯಾನಕಾರ ನಚ್ಚಿನಾರ್ಕ್ಕಿನಿಯರ್. ಆ ಗೆದ್ದಲು! ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಹಾಗೆ.

ಹೆಸರು ಕೇಳಿ ಹೆದರಬೇಡಿ. ಕನ್ನಡ ಕಿವಿಗೆ ಅದು ಹತ್ತಿರದ್ದೇ. ನಚ್ಚಿದವರಿಗೆ ಇನಿಯ. ಶಿವನ ಹೆಸರು. 14ನೇ ಶತಮಾನದವರು ಅಂತಾರೆ, ಊರು ಮದುರೈ. ತೊಲ್ಕಾಪ್ಪಿಯಂ ವ್ಯಾಕರಣಕ್ಕೆ ಉರೈ, ಅಂದರೆ ವ್ಯಾಖ್ಯಾನ, ಬರೆದರು. ಪತ್ತುಪ್ಪಾಟ್ಟು ಅಂದರೆ ಹತ್ತು ಸಂಗಂ ನೀಳ್ಗವಿತೆಗಳ ಸಂಕಲನ, ಆ ಹತ್ತಕ್ಕೂ ಬರೆದರು. ಕಲಿತ್ತೊಗೈ ಅನ್ನುವ ಇನ್ನೊಂದು ಸಂಕಲನಕ್ಕೆ ಬರೆದರು. ಮೂರು ಸಾವಿರಕ್ಕೂ ಜಾಸ್ತಿ ಪದ್ಯ ಇರುವ ಜೀವಕ ಚಿಂತಾಮಣಿಗೂ ಬರೆದರು. ಕುರುಂತೊಗೈ ಅನ್ನುವ ಸಂಕಲನಕ್ಕೆ ಪೇರಾಸಿರಿಯರ್ ಅನ್ನುವ ಇನ್ನೊಬ್ಬ ವ್ಯಾಖ್ಯಾನಕಾರರು ಬರೆದು, 20 ಪದ್ಯ ಹಾಗೇ ಬಿಟ್ಟಿದ್ದರಂತೆ. ಬಿಟ್ಟ ಆ ಇಪ್ಪತ್ತಕ್ಕೆ ಇವರು ಬರೆದರು. ಅದು ಉಳಿಯಲಿಲ್ಲ. ಯಾರು ತಿಂದರೋ! ಬಹುಶಃ ನಿಜವಾದ ಗೆದ್ದಲು.

ಚಿಂತಾಮಣಿಯ ಕತೆ ಹೇಳಲೇಬೇಕು. ಅದು ಜೈನಮುನಿ ತಿರುತ್ತಕ್ಕದೇವರ ಕಾವ್ಯ, ನಮ್ಮ ಭಾಸ್ಕರ ಕವಿ 1424ರಲ್ಲಿ ಷಟ್ಪದಿಯಲ್ಲಿ ಹಾಡಿದ ಅದೇ ಜೀವಂಧರನ ಕತೆ. ನಚ್ಚಿನಾರ್ಕ್ಕಿನಿಯರ್ ಶೈವ ಬ್ರಾಹ್ಮಣ. ಮೊದಲು ಬರೆದ ಉರೈಯನ್ನು ಜೈನರು ಒಪ್ಪಲಿಲ್ಲವಂತೆ, ನಮ್ಮ ಮತ ನಿಮಗೆ ತಿಳಿದಿಲ್ಲ ಅಂದರಂತೆ. ಇವರು ಹೋಗಿ ಜೈನರ ಹತ್ತಿರವೇ ಕಲಿತು, ಮತ್ತೆ ಮೊದಲಿಂದ ಬರೆದರು ಅಂತ ಪ್ರತೀತಿ. ಪ್ರತೀತಿಯೇ ಇರಲಿ. ಬರೆದದ್ದನ್ನು ಒಬ್ಬರು ತಪ್ಪು ಅಂದರೆ ನಾವು ಏನು ಮಾಡುತ್ತೇವೆ? ಬ್ಲಾಕ್ ಮಾಡುತ್ತೇವೆ.

1880ರಲ್ಲಿ ಕುಂಭಕೋಣದ ತಮಿಳು ಮೇಷ್ಟ್ರು ಉ.ವೇ. ಸ್ವಾಮಿನಾಥ ಅಯ್ಯರ್ ಈ ಕಾವ್ಯಕ್ಕೆ ಕೈಹಾಕಿದಾಗ ಅವರೂ ಅಲ್ಲಿನ ಜೈನರ ಮನೆ ಬಾಗಿಲಿಗೇ ಹೋಗಿ ಕಲಿಯಬೇಕಾಯಿತು. 1887ರಲ್ಲಿ ಚಿಂತಾಮಣಿಯನ್ನು ಈ ಉರೈ ಸಮೇತ ಅಚ್ಚು ಹಾಕಿಸಿದರು. ಉರೈಯಲ್ಲಿ ಎಲ್ಲೆಲ್ಲಿಂದಲೋ ಎತ್ತಿಕೊಟ್ಟ ಸಾಲುಗಳು, ಯಾವ ಪುಸ್ತಕದ್ದು ಅಂತ ಅಯ್ಯರ್‌ಗೇ ಗೊತ್ತಾಗುತ್ತಿರಲಿಲ್ಲ. ಹುಡುಕುತ್ತಾ ಹೋದರೆ ಅವುಗಳಲ್ಲಿ ಕೆಲವು ಪತ್ತುಪ್ಪಾಟ್ಟಿನವು. 1889ರಲ್ಲಿ ಅದೂ ಅಚ್ಚಾಯಿತು. ಮುಲ್ಲೈಪ್ಪಾಟ್ಟು ಇರುವುದು ಅದರಲ್ಲೇ ಸ್ವಾಮಿ! ನೇರವಾಗಿ ಕವಿತೆಗೆ ಹೋಗಬೇಕಂತೆ. ಯಾವ ಬಸ್ಸಿಗೆ ಹೋಗಲಿ?

ಈಗ ಯಾರಾದರೂ ತಮಿಳು ವಿದ್ವಾಂಸ ಮರೈಮಲೈ ಅಡಿಗಳ್ ಹೆಸರು ಎತ್ತುತ್ತೀರಿ, ಗೊತ್ತು. ನಚ್ಚಿನಾರ್ಕ್ಕಿನಿಯರ್ ಇಲ್ಲಿನ ಪದ ಕಿತ್ತು ಎಲ್ಲಿಯದೋ ಸಾಲಿಗೆ ಅಂಟಿಸುತ್ತಾರೆ, ಕವಿ ಇಟ್ಟ ಕ್ರಮ ಕೆಡಿಸುತ್ತಾರೆ ಅಂತ ಅವರು ಜಗಳಕ್ಕೆ ನಿಂತು, ಮುಲ್ಲೈಪ್ಪಾಟ್ಟಿಗೆ ತಾವೇ ಹೊಸ ಉರೈ ಬರೆದರು. ದೂರು ಸುಳ್ಳಲ್ಲ. ನಾನೂ ಒಂದು ಕಡೆ, ಸಾಲುಗಳನ್ನು ಹೀಗೆ ಎಳೆದು ಕೂಡಿಸಿದ್ದು ನೋಡಿ ಪುಸ್ತಕ ಮುಚ್ಚಿಟ್ಟಿದ್ದೇನೆ. ಆದರೆ ಅಡಿಗಳ್ ಸಾಲು ಸಾಲು ಓದಿ ಜಗಳವಾಡಿದವರು. ನಮ್ಮ ಭಾನುವಾರದ ಭಾಷಣಕಾರರು ಓದಿದ್ದಾರಾ? ಇಂಗ್ಲಿಷ್ ಅನುವಾದ ನೋಡಿಕೊಂಡು ಬಂದಿದ್ದರು, ಟೇಬಲ್ ಮೇಲೇ ಇತ್ತು. ಆ ಅನುವಾದಕರು ಯಾವ ಉರೈ ಹಿಡಿದುಕೊಂಡು ಕೂತಿದ್ದರು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಮನೆಯವಳು ಕೇಳಿದಳು. ಅಪ್ಪ ಗಮಕದಲ್ಲಿ ವ್ಯಾಖ್ಯಾನ ಹೇಳುತ್ತಿದ್ದರು. ಹಾಡುವವರಿಗೆ ಶಾಲು, ಇವರಿಗೆ ಬರೀ ಹಾರ. ಚಿಕ್ಕವನಿದ್ದಾಗ ಒಂದು ಸಲ ಹಿಂದಿನ ಸಾಲಿನಿಂದ ನಾನೇ ಕೂಗಿದ್ದೆ, "ಸಾಕು, ಹಾಡ್ಸಿ" ಅಂತ. ಹುಡುಗರೆಲ್ಲ ನಕ್ಕರು. ದನಿ ನನ್ನದು ಅಂತ ಅಪ್ಪನಿಗೆ ತಿಳಿಯದೇ ಇರುತ್ತಾ? ಮನೆಗೆ ಬಂದ ಮೇಲೂ ಏನೂ ಅನ್ನಲಿಲ್ಲ.

ಇರಲಿ ಬಿಡಿ. ಕೊನೆಯಲ್ಲಿ ವಂದನಾರ್ಪಣೆ. ಮೈಕಿನವರಿಗೆ, ಕುರ್ಚಿಯವರಿಗೆ, ಉಪ್ಪಿಟ್ಟು ಮಾಡಿದವರಿಗೆ ಎಲ್ಲರಿಗೂ ಧನ್ಯವಾದ ಹೇಳಿದರು. ನಾನು ಉಪ್ಪಿಟ್ಟು ಮುಟ್ಟದೆ ಎದ್ದು ಬಂದೆ. ಸುಳ್ಳು. ತಿಂದೆ, ಎರಡು ಸಲ ಹಾಕಿಸಿಕೊಂಡೆ.